ಎರವಲು ನಿದ್ದೆ

ಜನವರಿ ೯

ಗುಂಡುಕಲ್ಲಿಗೆ,

ಇಲ್ಲಿ ಎಲ್ಲ ಕ್ಷೇಮ ಅಂತ ಶುರು ಮಾಡೋ ಅಭ್ಯಾಸವನ್ನ ಈ ಸಲ ಬಿಟ್ಟಿದೀನಿ. ಕ್ಷೇಮ ಇದ್ದಿದ್ರೆ ಫೋನ್ ಮಾಡ್ತಿದ್ದೆ. ಫೋನಲ್ಲಿ ನೀನು ಚೆನ್ನಾಗಿದೀನಿ ಅಂತೀಯ, ನಾನೂ ಚೆನ್ನಾಗಿದೀನಿ ಅಂತೀನಿ, ಅಲ್ಲಿಗೆ ಮಾತು ಮುಗೀತು. ಹೀಗೇ ವರ್ಷವೇ ಕಳೆದುಹೋಯ್ತು. ಕಾಗದ ಆದ್ರೆ ನಡುವೆ ಬಾಯಿ ಹಾಕೋಕೆ ನಿನಗೆ ಆಗೋದಿಲ್ಲ, ಅದಕ್ಕೇ ಪೆನ್ನು ಹಿಡಿದೆ.

ನನ್ನನ್ನ ಮೈಕಿನಿಂದ ಇಳಿಸಿದ್ದಾರೆ ಕಣೇ. ಇಷ್ಟು ವರ್ಷ ಬಸ್ ನಿಲ್ದಾಣದ ಆ ಗಾಜಿನ ಗೂಡಲ್ಲಿ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತೆ ಅಂತ ಹೇಳಿಕೊಂಡು ಬಂದವಳು, ಹೋದ ತಿಂಗಳು ಒಂದು ಬೆಳಿಗ್ಗೆ ಆಗಲೇ ಹೊರಟುಹೋಗಿದ್ದ ಬಸ್ಸನ್ನ ಇದೀಗ ಬರ್ತಿದೆ ಅಂದುಬಿಟ್ಟೆ. ಒಂದು ಸಲ ಅಂದಿದ್ರೆ ನಕ್ಕು ಸುಮ್ಮನಾಗ್ತಿದ್ರೇನೋ, ಬಿಡದೆ ಹೇಳ್ತಾನೇ ಇದ್ದೆ. ಜನ ಗಂಟುಮೂಟೆ ಹೊತ್ಕೊಂಡು ಓಡಿದ್ರು. ಒಬ್ಬ ಅಜ್ಜಿ ಎಡವಿ ಬಿದ್ದು ಮಂಡಿ ತರಚಿಕೊಂಡ್ರು. ಕಂಟ್ರೋಲರ್ ಬಂದು ಗಾಜು ತಟ್ಟಿದಾಗಲೇ ನನಗೆ ಎಚ್ಚರ ಆಗಿದ್ದು, ಎದ್ದೇ ಇದ್ದೆ ಅನ್ನೋದು ಬೇರೆ ಮಾತು. ಬೈಯಲಿಲ್ಲ ಪುಣ್ಯಾತ್ಮ. ನೀವು ಕೊನೇ ಸಲ ನಿದ್ದೆ ಮಾಡಿದ್ದು ಯಾವಾಗ ಅಂತ ಕೇಳಿದ್ರು. ಬೆರಳು ಮಡಚಿ ದಿನ ಎಣಿಸೋಕೆ ಶುರು ಮಾಡಿದೆ.

ಡಾಕ್ಟರಿಗೆ ತೋರಿಸಿದೆ. ಡಿಪ್ರೆಶನ್ ಅಂದ್ರು, ನಿದ್ರಾಹೀನತೆ ಅಂದ್ರು. ನಿದ್ದೆ ಹೋಗಿ ಮನಸ್ಸು ಕುಸೀತೋ, ಮನಸ್ಸು ಕುಸಿದು ನಿದ್ದೆ ಹೋಯ್ತೋ, ಅದು ಯಾರಿಗೂ ಗೊತ್ತಿಲ್ಲ. ಮಾತ್ರೆ ನುಂಗಿದೆ. ಮಾತ್ರೆಯಿಂದ ಮೈ ಮಲಗುತ್ತೆ, ನಾನು ಮಲಗೋದಿಲ್ಲ. ಬಟ್ಟೆ ಒಗೆದು ಹಿಂಡಿ, ಒಣಹಾಕೋದನ್ನ ಮರೆತ ಹಾಗೆ ಇದೀನಿ.

ಈಗ ವಿಷಯಕ್ಕೆ ಬರ್ತೀನಿ. ಇಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ನನ್ನಂಥವರ ಮಿದುಳಿನ ಮೇಲೆ ಸಂಶೋಧನೆ ಮಾಡ್ತಿದ್ದಾರೆ. ನಾವು ಸುಮ್ಮನೆ ಬಿದ್ಕೊಂಡಿದ್ದಾಗಲೂ ಮಿದುಳಿನ ಭಾಗಗಳು ಒಂದರ ಜೊತೆ ಒಂದು ಮಾತಾಡ್ತಾನೇ ಇರ್ತವಂತೆ. ನಮ್ಮಲ್ಲಿ ಯಾವುದು ಯಾವುದರ ಜೊತೆ ಅತಿಯಾಗಿ ಮಾತಾಡುತ್ತೆ, ಯಾವುದು ಯಾವುದರ ಜೊತೆ ಮಾತು ಬಿಟ್ಟಿದೆ ಅಂತ ಅವರು ನೋಡ್ತಾರೆ. ಅಯ್ಯೋ, ನಮ್ಮ ಮನೆ ಕಥೆಯೇ ಆಯ್ತಲ್ಲ ಅಂದೆ. ಡಾಕ್ಟರಮ್ಮ ನಕ್ಕರು. ಒಳ್ಳೆ ಹೆಂಗಸು, ಅವರ ಕಣ್ಣ ಕೆಳಗೂ ಕಪ್ಪಿದೆ.

ಒಂದು ಕೊಳವೆಯಂಥ ಯಂತ್ರದೊಳಗೆ ಮಲಗಿಸಿದ್ರು. ಎದುರಿಗೆ ಒಂದು ಪ್ಲಸ್ ಗುರುತು ಕಾಣುತ್ತೆ, ಅದನ್ನೇ ನೋಡ್ತಿರಿ, ಕಣ್ಣು ಮುಚ್ಚಬೇಡಿ, ಎಚ್ಚರವಾಗಿರಿ, ಅಷ್ಟೇ ನಿಮ್ಮ ಕೆಲಸ ಅಂದ್ರು. ಎಚ್ಚರವಾಗಿರೋದರಲ್ಲಿ ನನ್ನನ್ನ ಮೀರಿಸೋರು ಯಾರಿದ್ದಾರೆ ಅಂದುಕೊಂಡೆ. ಒಳಗೆ ಸುತ್ತಿಗೆಯಲ್ಲಿ ತಗಡು ಬಡಿದ ಹಾಗೆ ಸದ್ದು. ನಂಬ್ತೀಯೋ ಇಲ್ವೋ, ಆ ಸದ್ದಲ್ಲಿ ನಾನು ನಿದ್ದೆ ಹೋದೆ! ಸ್ಕ್ಯಾನ್ ಮಾಡೋ ಬೋಳುತಲೆಯ ಮನುಷ್ಯ ಕಾಲು ಅಲ್ಲಾಡಿಸಿ ಎಬ್ಬಿಸಿದ್ರು. ನಿದ್ದೆ ಮಾಡಿದ ಮಿದುಳು ಅವರಿಗೆ ಬೇಡವಂತೆ, ಅಷ್ಟೂ ಕೆಲಸ ದಂಡ. ಇನ್ನೊಂದು ಹತ್ತು ನಿಮಿಷ ಬಿಟ್ಟಿದ್ರೆ ಇವರ ಗಂಟೇನು ಹೋಗ್ತಿತ್ತು ಅಂತ ಅಳು ಬಂತು.

ನಿನ್ನಿಂದ ಒಂದು ಉಪಕಾರ ಆಗಬೇಕು. ಅವರು ಅಕ್ಕತಂಗಿಯರ ಜೋಡಿಯನ್ನೇ ತಗೊಳ್ಳೋದು. ಒಬ್ಬಳು ನನ್ನ ಥರ, ಇನ್ನೊಬ್ಬಳು ಆರೋಗ್ಯವಾಗಿ ನಿದ್ದೆ ಮಾಡೋಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿ ಒಂದೇ ಮನೆಯಲ್ಲಿ ಬೆಳೆದ ಎರಡು ಮಿದುಳನ್ನ ಪಕ್ಕಪಕ್ಕ ಇಟ್ಟು ನೋಡ್ತಾರೆ. ಜೋಡಿ ಸಿಕ್ಕಿದ್ರೆ, ಎಲ್ಲ ಮುಗಿದ ಮೇಲೆ ನನಗೆ ನಿದ್ದೆಯ ತರಬೇತಿ ಕೊಡ್ತಾರೆ. ವಾರವಾರ ಒಬ್ಬರು ಎದುರು ಕೂತು, ಮಲಗೋದು ಹೇಗೆ ಅಂತ ಮಗುವಿಗೆ ಕಲಿಸಿದ ಹಾಗೆ ಕಲಿಸ್ತಾರಂತೆ. ಹೊರಗಿನವರಿಗೆ ಅದರ ಸರದಿ ಬರೋಕೆ ವರ್ಷದ ಮೇಲಾಗುತ್ತೆ. ಅಷ್ಟು ಕಾಯೋ ಶಕ್ತಿ ನನ್ನಲ್ಲಿ ಉಳಿದಿಲ್ಲ. ಈ ಸಾಲನ್ನ ಇನ್ನೊಂದು ಸಲ ಓದು, ಮತ್ತೆ ಬರೆಯೋಕೆ ನನಗೆ ಕೈ ಬರೋದಿಲ್ಲ.

ನಿನ್ನ ಅಕ್ಕ


ಜನವರಿ ೧೭

ಅಕ್ಕಾ,

ಇಲ್ಲಿ ಎಲ್ಲ ಕ್ಷೇಮ. ನೀನು ಬಿಟ್ಟರೂ ನಾನು ಬಿಡೋದಿಲ್ಲ.

ಇದಕ್ಕೆ ಇಷ್ಟುದ್ದ ಪೀಠಿಕೆ ಬೇಕಿತ್ತಾ? ನಿದ್ದೆ ಮಾಡೋ ತಂಗಿ ಬೇಕು ಅಂತ ಒಂದು ಸಾಲು ಹಾಕಿದ್ರೆ ಸಾಕಾಗಿತ್ತು. ಆಯ್ತು, ನಾನಿದೀನಿ. ನಿನ್ನ ಪಕ್ಕಕ್ಕೆ ನನ್ನ ಮಿದುಳು ಇಟ್ಟರೆ ಒಳಗೆ ಬರೀ ಸೀಟಿ ಸದ್ದು ಕೇಳಿಸುತ್ತೆ, ಅದಕ್ಕೆ ಡಾಕ್ಟರಮ್ಮನನ್ನ ಮೊದಲೇ ತಯಾರು ಮಾಡಿರು.

ಈಗಲೇ ಬರೋಕೆ ಆಗೋದಿಲ್ಲ. ಶಾಲೆಯಲ್ಲಿ ಆಟೋಟದ ಸ್ಪರ್ಧೆ ಹತ್ತಿರ ಬಂತು. ಬೆಳಿಗ್ಗೆಯಿಂದ ಸಂಜೆವರೆಗೂ ಮೈದಾನದಲ್ಲಿ ನಿಂತು ಕೂಗಿ ಕೂಗಿ ಗಂಟಲು ಹರಿದಿದೆ. ಪಿ.ಟಿ. ಟೀಚರ್ ಅಂದ್ರೆ ಕಬ್ಬಿಣದಲ್ಲಿ ಮಾಡಿರ್ತಾರೆ ಅಂತ ಹೆಡ್‌ಮಿಸ್ ತಿಳ್ಕೊಂಡಿದ್ದಾರೆ. ಮೊದಲು ಮಾಡಬೇಕಾದ್ದು ಏನಾದ್ರೂ ಇದ್ರೆ ಪೋಸ್ಟಲ್ಲಿ ಕಳಿಸಿ ಅನ್ನು. ಯಂತ್ರದೊಳಗೆ ಮಲಗೋಕೆ ಪರೀಕ್ಷೆಗಳು ಮುಗಿದ ಮೇಲೆ ಬರ್ತೀನಿ.

ನಮ್ಮವರು ಎಂದಿನ ಹಾಗೇ. ಕೋಳಿ ಕೂಗೋ ಮುಂಚೆ ಬೇಕರಿಗೆ ಹೋಗಿ ಹಿಟ್ಟು ನಾದಿ, ಮಧ್ಯಾಹ್ನ ಬಂದು ಉಂಡು, ದೀಪ ಹಾಕೋ ಹೊತ್ತಿಗೆ ಗೊರಕೆ ಶುರು. ಆ ಮನುಷ್ಯನ ಕಿವಿ ಹತ್ರ ಡೋಲು ಬಡಿದರೂ ಏಳೋದಿಲ್ಲ. ನಾನೂ ಕೆಲಸ ಮಾಡಿಕೊಂಡು ಇರ್ತೀನಿ. ಕಪಾಟುಗಳನ್ನೆಲ್ಲ ತೆಗೆದು ಮತ್ತೆ ಜೋಡಿಸಿದೆ. ಕಿಟಕಿ ಗಾಜು ಎಷ್ಟು ಹೊಳೀತಿದೆ ಅಂದ್ರೆ, ನಿಮಗೆ ಇದಕ್ಕೆಲ್ಲ ಹೊತ್ತು ಎಲ್ಲಿ ಸಿಗುತ್ತೆ ಅಂತ ಪಕ್ಕದ ಮನೆಯಾಕೆ ಕೇಳ್ತಾಳೆ. ಸೋಮಾರಿಗಳಿಗೆ ಸಿಗೋದಿಲ್ಲ ಅಂತ ಹೇಳಬೇಕು ಅಂದ್ಕೊಂಡೆ, ಹೇಳಲಿಲ್ಲ.

ನೀನು ಇನ್ನೊಂದು ಸಲ ಓದು ಅಂದ ಸಾಲನ್ನ ಓದಿದೆ. ಅಂಥದ್ದೆಲ್ಲ ಬರೀಬೇಡ.

ಇಂತಿ,
ಗುಂಡುಕಲ್ಲು


ಫೆಬ್ರವರಿ ೨

ಗುಂಡುಕಲ್ಲೇ,

ಇದರ ಜೊತೆ ಇರೋ ಚಿಕ್ಕ ಡಬ್ಬಿಯಲ್ಲಿ ಒಂದು ಕೈಪಟ್ಟಿ ಇದೆ. ಮುಖ ಇಲ್ಲದ ಗಡಿಯಾರದ ಹಾಗಿದೆ, ಹೊತ್ತು ಎಷ್ಟು ಅಂತ ಕೇಳಿದ್ರೆ ಹೇಳೋದಿಲ್ಲ. ಎಡಗೈಗೆ ಕಟ್ಟಿಕೋ, ಎರಡು ವಾರ ಬಿಚ್ಚಬೇಡ, ಸ್ನಾನಕ್ಕೂ ಬಿಚ್ಚಬೇಡ. ಕೈ ಯಾವಾಗ ಅಲ್ಲಾಡುತ್ತೆ, ಯಾವಾಗ ಸುಮ್ಮನಿರುತ್ತೆ ಅಂತ ಅದು ಒಳಗೊಳಗೇ ಗುರುತು ಹಾಕಿಕೊಳ್ಳುತ್ತಂತೆ. ನನ್ನ ಕೈಯಲ್ಲೂ ಇಂಥದ್ದೇ ಒಂದಿದೆ. ನನ್ನದರ ಗೆರೆಗಳನ್ನ ಡಾಕ್ಟರಮ್ಮ ತೋರಿಸಿದ್ರು. ಹಲ್ಲು ಮುರಿದ ಬಾಚಣಿಗೆ.

ಡಾಕ್ಟರಮ್ಮ ನಿನಗೆ ಫೋನ್ ಮಾಡಿ ಪ್ರಶ್ನೆ ಕೇಳಿದ್ರಂತೆ. ಠಕ್ ಠಕ್ ಅಂತ ಉತ್ತರ ಕೊಟ್ಟೆಯಂತೆ. ನಿದ್ದೆ? ದಿಂಬಿಗೆ ತಲೆ ಕೊಟ್ಟರೆ ಸಾಕು. ಮನಸ್ಸು? ಅದಕ್ಕೇನು ಬಂದಿದೆ ಧಾಡಿ. ನಿಮ್ಮ ತಂಗಿ ಗಟ್ಟಿಗಿತ್ತಿ ಅಂದ್ರು. ಹುಟ್ಟಿದಾಗಿನಿಂದ ಕೇಳ್ತಾ ಬಂದಿರೋ ಮಾತು, ಆದ್ರೂ ಹೊಟ್ಟೆಕಿಚ್ಚಾಯ್ತು. ನಿನ್ನ ಮೇಲಲ್ಲ, ನಿನ್ನ ನಿದ್ದೆ ಮೇಲೆ.

ನಿನಗೆ ನೆನಪಿದೆಯಾ, ಅಮ್ಮ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದ ಆ ವರ್ಷಗಳು? ನಾವಿಬ್ಬರೂ ನಡುಮನೆಯಲ್ಲಿ ಒಂದೇ ಹಾಸಿಗೆ. ನೀನು ಗೋಡೆ ಕಡೆ, ನಾನು ಬಾಗಿಲ ಕಡೆ. ನೀನು ಬಿದ್ದ ತಕ್ಷಣ ನಿದ್ದೆ. ಅಪ್ಪ ನಿನ್ನನ್ನ ಗುಂಡುಕಲ್ಲು ಅಂತ ಕರೆಯೋಕೆ ಶುರು ಮಾಡಿದ್ದು ಆವಾಗಲೇ. ನನಗೆ ಬರ್ತಿರಲಿಲ್ಲ. ನಿನ್ನ ಬೆನ್ನ ಮೇಲೆ ಅಂಗೈ ಇಟ್ಟು, ನಿನ್ನ ಉಸಿರು ಹೇಗೆ ಏರಿ ಇಳಿಯುತ್ತೋ ಹಾಗೇ ನಾನೂ ಉಸಿರಾಡ್ತಿದ್ದೆ. ನಿನ್ನ ನಿದ್ದೆಯಲ್ಲಿ ಚೂರು ಎರವಲು ಸಿಗುತ್ತೇನೋ ಅಂತ. ಎಷ್ಟೋ ಸಲ ಸಿಕ್ಕಿತ್ತು ಕೂಡ. ಈಗಲೂ ಒಮ್ಮೊಮ್ಮೆ ಪಕ್ಕದ ದಿಂಬಿನ ಮೇಲೆ ಕೈ ಇಡ್ತೀನಿ. ದಿಂಬು ಉಸಿರಾಡೋದಿಲ್ಲವಲ್ಲ.

ಯಂತ್ರಕ್ಕೆ ನನ್ನನ್ನ ಎರಡನೇ ಸಲ ಹಾಕಿದ್ರು, ಈ ಸಲ ಎಚ್ಚರವಾಗಿದ್ದೆ. ಬೋಳುತಲೆಯವರು ಶಹಬ್ಬಾಸ್ ಅಂದ್ರು. ನಿದ್ದೆ ಮಾಡದೇ ಇದ್ದಿದ್ದಕ್ಕೆ ನನ್ನನ್ನ ಹೊಗಳಿದವರು ಲೋಕದಲ್ಲಿ ಅವರೊಬ್ಬರೇ ಇರಬೇಕು.

ಪಟ್ಟಿ ಜೋಪಾನ.

ನಿನ್ನ ಅಕ್ಕ


ಫೆಬ್ರವರಿ ೨೦

ಅಕ್ಕಾ,

ಇಲ್ಲಿ ಎಲ್ಲ ಕ್ಷೇಮ. ಪಟ್ಟಿ ವಾಪಸ್ ಕಳಿಸಿದೀನಿ. ನೀನು ಹೇಳಿದ ಹಾಗೆ ಎರಡು ವಾರ ಬಿಚ್ಚಲಿಲ್ಲ. ಚೆನ್ನಾಗಿ ನಿದ್ದೆ ಆಗಿದೆ, ಡಾಕ್ಟರಮ್ಮನಿಗೆ ಖುಷಿಯಾಗುತ್ತೆ ನೋಡು.

ಸ್ಪರ್ಧೆ ಮುಗೀತು. ನಮ್ಮವರಿಗೆ ಮುಂಗೈಯಲ್ಲಿ ಏನೋ ಕಡಿತ, ಮುಲಾಮು ಹಚ್ಚಿದೆ. ಬೇರೆ ವಿಶೇಷ ಇಲ್ಲ.

ಹಳೇದೆಲ್ಲ ಬರೀತಾ ಕೂರಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಗುಂಡುಕಲ್ಲು


ಮಾರ್ಚ್ ೪

ತಂಗೀ,

ನಿನ್ನೆ ಡಾಕ್ಟರಮ್ಮ ಕರೆಸಿದ್ರು. ನಿನ್ನ ಪಟ್ಟಿಯ ಗೆರೆಗಳನ್ನ ಪರದೆ ಮೇಲೆ ಹಾಕಿ, ಕನ್ನಡಕ ಮೇಲೇರಿಸಿ, ನಿಮ್ಮ ತಂಗಿ ಟೀಚರ್ ತಾನೆ ಅಂತ ಕೇಳಿದ್ರು. ಹೌದು ಅಂದೆ. ಸೂರ್ಯ ಹುಟ್ಟೋ ಮುಂಚೆ ಎದ್ದು ಅಷ್ಟು ಹೊತ್ತು ಏನು ಮಾಡ್ತಾರೆ, ಮರ ಕುಯ್ತಾರಾ ಅಂದ್ರು. ನೋಡಿದೆ. ಸಂಜೆ ಮಲಗಿದ ಕೈ ಕೊರಡಿನ ಹಾಗೆ ಬಿದ್ದಿದೆ. ಕತ್ತಲಿರೋವಾಗಲೇ ಎದ್ದು, ಹಿಂದೆ ಮುಂದೆ, ಹಿಂದೆ ಮುಂದೆ, ಒಂದೇ ಲಯ. ಮಧ್ಯಾಹ್ನ ತಣ್ಣಗಾಗುತ್ತೆ. ನಾನು ನಕ್ಕೆ. ಪಿ.ಟಿ. ಟೀಚರಲ್ವಾ, ಕಸರತ್ತು ಮಾಡ್ತಾಳೆ ಅಂದೆ.

ಹಾಗಂದು ಮೆಟ್ಟಿಲು ಇಳೀತಾ ಇರೋವಾಗ ಕಾಲು ನಿಂತಿತು. ಆ ಗೆರೆಗಳಲ್ಲಿ ಮಂಗಳವಾರ ಮಾತ್ರ ಕೈ ಹೊತ್ತೇರೋವರೆಗೂ ಅಲ್ಲಾಡಿಲ್ಲ. ಎರಡು ವಾರವೂ ಹಾಗೇ. ಶಾಲೆಗೆ ರಜೆ ಭಾನುವಾರ. ಮಂಗಳವಾರ ರಜೆ ಇರೋದು ನಿಮ್ಮವರ ಬೇಕರಿಗೆ.

ಪಟ್ಟಿ ಬಂದಾಗ ಅದರ ಕೊಂಡಿಯಲ್ಲಿ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು. ಮೈದಾನಕ್ಕೆ ಗೆರೆ ಹಾಕೋ ಸುಣ್ಣ ಅಂದುಕೊಂಡು ಉಗುರಲ್ಲಿ ಕೆರೆದು ತೆಗೆದಿದ್ದೆ. ಸುಣ್ಣ ಅಷ್ಟು ಗಟ್ಟಿಯಾಗಿ ಅಂಟೋದಿಲ್ಲ ಅಲ್ವಾ? ನಿಮ್ಮವರ ಮುಂಗೈಗೆ ಕಡಿತ ಯಾಕೆ ಬಂತು?

ಬೈಯೋಕೆ ಬರೀತಿಲ್ಲ. ನೀನು ಯಾಕೆ ಕಟ್ಟಿಕೊಳ್ಳಲಿಲ್ಲ, ಅಷ್ಟು ಹೇಳು. ಕಟ್ಟಿಕೊಂಡಿದ್ರೆ ಅದರಲ್ಲಿ ಏನು ಕಾಣಿಸ್ತಿತ್ತು? ಸುತ್ತಿ ಬಳಸಿ ಹೇಳಬೇಡ. ಡಾಕ್ಟರಮ್ಮನಿಗೆ ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು.

ಅಕ್ಕ


ಮಾರ್ಚ್ ೧೧

ಅಕ್ಕಾ,

ಹೌದು, ಅವರ ಕೈಗೆ ಕಟ್ಟಿದೆ. ಈಗೇನು ತಲೆ ಹೋಗೋದು?

ಬೆವರಿಗೆ ಪಟ್ಟಿ ಕಡಿಯುತ್ತೆ ಅಂತ ಕಟ್ಟಲಿಲ್ಲ ಅನ್ನೋಣ. ಡಾಕ್ಟರಮ್ಮನಿಗೆ ಹೀಗೆ ಹೇಳು: ನನ್ನ ತಂಗಿ ದಿನಾ ಗಂಡನ ಜೊತೆ ಬೇಕರಿಗೆ ಹೋಗಿ ಹಿಟ್ಟು ನಾದಿ, ಆಮೇಲೆ ಶಾಲೆಗೆ ಹೋಗ್ತಾಳೆ, ಮಂಗಳವಾರ ಸುಧಾರಿಸಿಕೊಳ್ತಾಳೆ. ಮುಗೀತಲ್ಲ. ಅವರಿಗೆ ಬೇಕಾಗಿರೋದು ನಿದ್ದೆ ಮಾಡೋ ಒಂದು ಕೈ, ಅದು ಸಿಕ್ಕಿದೆ. ನಿನಗೆ ಬೇಕಾಗಿರೋದು ತರಬೇತಿ, ಅದು ಸಿಗುತ್ತೆ. ಯಾರಿಗೇನು ನಷ್ಟ? ಬೇಕಾದ್ರೆ ಬಂದು ಯಂತ್ರದೊಳಗೂ ಮಲಗ್ತೀನಿ. ಕಣ್ಣು ಬಿಟ್ಕೊಂಡು ಬಿದ್ದಿರೋದು ತಾನೆ, ನನಗೇನು ಹೊಸದಲ್ಲ.

ನೀನು ಕೇಳಿದ ಇನ್ನೊಂದು ಪ್ರಶ್ನೆಗೆ ನಾನು ಉತ್ತರ ಕೊಡೋದಿಲ್ಲ. ಇಬ್ಬರೂ ಬಿದ್ಕೊಂಡ್ರೆ ಒಲೆ ಹಚ್ಚೋರು ಯಾರು ಅಂತ ಅಮ್ಮ ಮಲಗಿದ್ದ ಕಾಲದಲ್ಲಿ ನೀನೇ ಹೇಳ್ತಿದ್ದೆ, ನಿನಗಾಗ ಹನ್ನೆರಡೋ ಹದಿಮೂರೋ. ನಿನಗೆ ಒಬ್ಬಳು ಗಟ್ಟಿ ತಂಗಿ ಬೇಕು, ಇದಾಳೆ. ಸುಮ್ಮನೆ ಕೆದಕಬೇಡ. ಒಬ್ಬರಾದ್ರೂ ದಡ ಸೇರಲಿ ಅಕ್ಕ. ಅಷ್ಟು ಮಾಡು, ಸಾಕು.

ಗುಂಡುಕಲ್ಲು


ಮಾರ್ಚ್ ೨೯

ತಂಗೀ,

ನೀನು ಹೇಳಿಕೊಟ್ಟಿದ್ದನ್ನ ಬಾಯಿಪಾಠ ಮಾಡಿಕೊಂಡೇ ಹೋದೆ. ಬಸ್ಸಲ್ಲಿ ಕೂತು ಮೈಕಿನ ದನಿಯಲ್ಲಿ ಹೇಳಿಕೊಂಡೆ, ಪ್ರಯಾಣಿಕರ ಗಮನಕ್ಕೆ, ನನ್ನ ತಂಗಿ ದಿನಾ ಹಿಟ್ಟು ನಾದುತ್ತಾಳೆ ಅಂತ. ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದ್ರು. ಹೇಳೋದು ಅಂತಲೇ ತೀರ್ಮಾನ ಮಾಡಿದ್ದೆ, ನನ್ನನ್ನ ದೊಡ್ಡವಳು ಮಾಡಬೇಡ. ಆ ತರಬೇತಿ ನನಗೆ ಬೇಕಿತ್ತು.

ಡಾಕ್ಟರಮ್ಮನ ಕೋಣೆಯ ಹೊರಗೆ ಗೋಡೆಯ ಮೇಲೆ ಒಂದು ಚಿತ್ರ ಇದೆ. ಎರಡು ಮಿದುಳು ಪಕ್ಕಪಕ್ಕ, ಒಳಗೆಲ್ಲ ಬಣ್ಣದ ಎಳೆಗಳು. ಒಂದು ನಿದ್ದೆ ಇಲ್ಲದವರದು, ಇನ್ನೊಂದು ಆರೋಗ್ಯವಂತರದು. ಅದರ ಎದುರು ಬೆಂಚಿನ ಮೇಲೆ ಕೂತಿದ್ದೆ. ನನ್ನದನ್ನೂ ನಿನ್ನದನ್ನೂ ಹೀಗೇ ಇಡ್ತಾರೆ ಅಂದುಕೊಂಡೆ. ಇದು ಕೆಟ್ಟಿದೆ, ಇದು ನೆಟ್ಟಗಿದೆ ಅಂತಾರೆ. ನೆಟ್ಟಗಿದೆ ಅಂದ ಮೇಲೆ ನಿನ್ನನ್ನ ಹೇಗಿದೀಯ ಅಂತ ಇನ್ನು ಯಾರೂ ಕೇಳೋದಿಲ್ಲ. ಆ ಬೆಳಿಗ್ಗೆ ನಾನು ಮೈಕಲ್ಲಿ ಮಾಡಿದ್ದೂ ಇದನ್ನೇ ಅಲ್ವಾ? ಇಲ್ಲದೇ ಇರೋ ಬಸ್ಸನ್ನ ಇದೆ ಅಂದೆ, ಯಾರೋ ಎಡವಿ ಬಿದ್ರು. ಈ ಸಲ ಬೀಳೋದು ನೀನು.

ಒಳಗೆ ಕರೆದ್ರು. ನಾನು ಕೂರಲೂ ಇಲ್ಲ.

"ಆ ಕೈ ನನ್ನ ತಂಗಿಯದಲ್ಲ, ಅವಳ ಗಂಡನದು. ಅವಳಿಗೂ ನಿದ್ದೆ ಬರೋದಿಲ್ಲ" ಅಂದೆ.

ಡಾಕ್ಟರಮ್ಮ ಕುರ್ಚಿ ಎಳೆದು ಕೂರಿಸಿದ್ರು. ಆಮೇಲೆ ನೀರು ಕೊಟ್ಟರು. ನಮ್ಮ ಜೋಡಿಯನ್ನ ಕೈಬಿಡಬೇಕಾಗುತ್ತೆ, ಬೇರೆ ದಾರಿ ಇಲ್ಲ ಅಂದ್ರು. ಒಂದೇ ಮನೆಯಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬಳು ಪೂರ್ತಿ ಚೆನ್ನಾಗಿದಾಳೆ ಅಂದಾಗ ತಾವೂ ಒಂದು ಸಲ ನಿಂತು ಯೋಚಿಸಬೇಕಿತ್ತು ಅಂತ ತಮ್ಮನ್ನೇ ಬೈದುಕೊಂಡ್ರು. ತರಬೇತಿಯ ನನ್ನ ಜಾಗ ಹೋಯ್ತು. ಪರವಾಗಿಲ್ಲ ಅಂತ ಬರೆಯೋಕೆ ಮನಸ್ಸು ಒಪ್ತಾ ಇಲ್ಲ. ಬಸ್ಸಲ್ಲಿ ವಾಪಸ್ ಬರ್ತಾ ಅಳ್ತಾನೇ ಬಂದೆ.

ಹೊರಗಿನವರ ಸರದಿಯಲ್ಲಿ ನನ್ನ ಹೆಸರು ಬರೆಸಿ ಬಂದಿದೀನಿ. ಅದರ ಕೆಳಗೆ ನಿನ್ನ ಹೆಸರೂ ಬರೀರಿ ಅಂದೆ. ಅದು ಆಗೋದಿಲ್ಲವಂತೆ. ಅವರೇ ಬರಬೇಕು, ನನಗೆ ನಿದ್ದೆ ಬರ್ತಾ ಇಲ್ಲ ಅಂತ ಅವರ ಬಾಯಲ್ಲೇ ಹೇಳಬೇಕು ಅಂದ್ರು.

ಬಾರೇ. ನನಗೆ ಗಟ್ಟಿ ತಂಗಿ ಬೇಡ.

ಅಕ್ಕ


ಏಪ್ರಿಲ್ ೨೨

ತಂಗೀ,

ನಿನ್ನಿಂದ ಕಾಗದ ಇಲ್ಲ. ಕೋಪ ಇರುತ್ತೆ, ಇರಲಿ.

ನಿಮ್ಮವರು ಫೋನ್ ಮಾಡಿದ್ರು. ಅವರು ತಾವಾಗಿ ನನಗೆ ಫೋನ್ ಮಾಡಿದ್ದು ಇದೇ ಮೊದಲು. ಅಕ್ಕಾ ಅಂತ ಕರೆದು, ಮೊದಲು ಬೇಕರಿ ವಿಷಯ ಎತ್ತಿ, ಆಮೇಲೆ ನಿನ್ನ ಮಾತಿಗೆ ಬಂದ್ರು. ಕೆಲಸಕ್ಕೆ ಹೊರಡೋಕೆ ಅವರು ಎದ್ದಾಗೆಲ್ಲ ನೀನು ಆಗಲೇ ಎದ್ದಿರ್ತೀಯಂತೆ. ಅಡುಗೆಮನೆಯಲ್ಲಿ ಕೂತು, ಪಾಲಿಶ್ ಮಾಡಿದ ಬೂಟುಗಳನ್ನೇ ಮತ್ತೆ ಪಾಲಿಶ್ ಮಾಡ್ತಿರ್ತೀಯಂತೆ. ಬೇಗ ಏಳೋ ಅಭ್ಯಾಸ ಅಂದುಕೊಂಡಿದ್ರಂತೆ, ಇಷ್ಟು ವರ್ಷ.

"ಕಟ್ಟಿಕೊಳ್ಳಿ ಅಂದಳು, ಕಟ್ಟಿಕೊಂಡೆ ಅಕ್ಕ. ಯಾಕೆ ಅಂತ ಕೇಳಬೇಕಾಗಿತ್ತು."

ಅಷ್ಟು ಹೇಳಿ ಇಟ್ಟುಬಿಟ್ಟರು. ಪಾಪ, ಅವರನ್ನ ಬೈಯಬೇಡ. ಅವರಷ್ಟು ಒಳ್ಳೆ ನಿದ್ದೆ ಮಾಡೋರಿಗೆ ಎಚ್ಚರ ಅಂದ್ರೆ ಏನು ಅಂತ ಹೇಗೆ ತಿಳೀಬೇಕು?

ನಾನು ಹಾಗೇ ಇದೀನಿ. ಮೈಕ್ ಕೊಟ್ಟಿಲ್ಲ, ಅರ್ಧ ದಿನ ವಿಚಾರಣೆ ಕಿಟಕಿಯಲ್ಲಿ ಕೂರಿಸಿದ್ದಾರೆ. ಜನ ಬಂದು ಕೇಳ್ತಾರೆ, ಹೊರಗೆ ಒಂದು ಸಲ ಇಣುಕಿ ನೋಡಿ ಆಮೇಲೆ ಹೇಳ್ತೀನಿ.

ಅಕ್ಕ


ಮೇ ೬

ಅಕ್ಕಾ,

ಇಲ್ಲಿ ಕ್ಷೇಮ ಇಲ್ಲ.

ಇದನ್ನ ಬರೆದು ಪೆನ್ನು ಇಟ್ಟು, ಎದ್ದು ಹೋಗಿ ಕಿಟಕಿ ಒರೆಸಿ ಬಂದೆ. ಈಗ ಮುಂದೆ ಬರೀತೀನಿ.

ನೀನು ಸತ್ಯ ಹೇಳಿದೆ ಅಂತ ತಿಳಿದಾಗ ನಿನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಿನಗೋಸ್ಕರ ಮಾಡಿದ್ದನ್ನ ನೀನೇ ಮಣ್ಣುಪಾಲು ಮಾಡಿದೆ ಅಂತ. ಆ ಸಿಟ್ಟಲ್ಲೇ ಶಾಲೆಯ ಬೇಸಿಗೆ ಶಿಬಿರಕ್ಕೆ ಹೋಗ್ತಿದ್ದೆ. ಹೋದ ವಾರ ಐದನೇ ತರಗತಿಯ ಮಕ್ಕಳಿಗೆ ಓಟ. ಗೆರೆಯ ಮೇಲೆ ಬಗ್ಗಿ ನಿಂತಿದ್ದಾರೆ, ನಾನು ಸೀಟಿ ಬಾಯಿಗಿಟ್ಟೆ. ಊದೋಕೆ ಆಗಲಿಲ್ಲ ಅಕ್ಕ. ಉಸಿರಿದೆ, ತುಟಿಯಿದೆ, ಸೀಟಿಯಿದೆ. ಊದು ಅಂತ ನನಗೆ ನಾನೇ ಹೇಳ್ತಿದೀನಿ, ಆಗ್ತಿಲ್ಲ. ಮಕ್ಕಳು ಬಗ್ಗಿಯೇ ಇದ್ದವು, ಮಿಸ್ ಏನೋ ಹೊಸ ಆಟ ಆಡಿಸ್ತಿದ್ದಾರೆ ಅಂದುಕೊಂಡಿರಬೇಕು. ಒಂದು ಮಗು ತಲೆ ಎತ್ತಿ ನೋಡಿ, ಮಿಸ್ ಅಳ್ತಿದ್ದಾರೆ ಅಂತು. ಆಗಲೇ ನನಗೆ ಗೊತ್ತಾಗಿದ್ದು. ಹೆಡ್‌ಮಿಸ್ ಮನೆಗೆ ಕಳಿಸಿದ್ರು. ಕಬ್ಬಿಣದ ವಿಚಾರ ಅವರು ಎತ್ತಲಿಲ್ಲ.

ಪಟ್ಟಿ ಕಟ್ಟಿಕೊಂಡಿದ್ರೆ ಏನು ಕಾಣಿಸ್ತಿತ್ತು ಅಂತ ಕೇಳಿದ್ದೆ. ನಿನ್ನದೇ ಕಾಣಿಸ್ತಿತ್ತು. ಮುರಿದ ಬಾಚಣಿಗೆ.

ಇನ್ನೊಂದು ವಿಷಯ ಇದೆ. ಇದನ್ನ ನಮ್ಮವರಿಗೂ ಹೇಳಿಲ್ಲ. ನಡುಮನೆಯ ಹಾಸಿಗೆಯಲ್ಲಿ ನೀನು ನನ್ನ ಬೆನ್ನ ಮೇಲೆ ಕೈ ಇಡ್ತಿದ್ದೆಯಲ್ಲ, ಆಗ ನಾನು ಎದ್ದೇ ಇರ್ತಿದ್ದೆ. ಮುಖ ಗೋಡೆಗೆ, ಕಣ್ಣು ಬಿಟ್ಟುಕೊಂಡು. ಒಳಗಿನ ಕೋಣೆಯಲ್ಲಿ ಅಮ್ಮ ಮಗ್ಗುಲಾಗೋ ಸದ್ದು ಬರುತ್ತಾ ಅಂತ ಕೇಳಿಸಿಕೊಳ್ತಾ ಇರ್ತಿದ್ದೆ. ಸದ್ದು ಬಂದ್ರೆ ಅಮ್ಮ ಇದಾಳೆ ಅಂತ. ನೀನು ಕೈ ಇಟ್ಟ ಕೂಡಲೆ ಉಸಿರನ್ನ ನಿಧಾನ ಮಾಡ್ತಿದ್ದೆ. ನೀನು ನನ್ನ ಉಸಿರಿಗೆ ನಿನ್ನದನ್ನ ಸೇರಿಸ್ತೀಯ ಅಂತ ನನಗೆ ಗೊತ್ತಿತ್ತು. ನಾನು ಚೂರು ಅಲ್ಲಾಡಿದ್ರೂ ನಿನಗೆ ಬರ್ತಿದ್ದ ನಿದ್ದೆ ಹೋಗುತ್ತೆ ಅಂತ, ಕೈ ಜೋಮು ಹಿಡಿದರೂ ಮಗ್ಗುಲು ಬದಲಿಸ್ತಿರಲಿಲ್ಲ. ನಿನ್ನ ಕೈ ಭಾರ ಆದಾಗ, ಹಾಂ, ಅಕ್ಕ ಮಲಗಿದಳು ಅಂತ ಸಮಾಧಾನ ಆಗ್ತಿತ್ತು.

ಬೆಳಿಗ್ಗೆ ಅಪ್ಪ ಗುಂಡುಕಲ್ಲು ಎದ್ದಿತೇನೋ ಅಂತ ನಗ್ತಿದ್ರು. ಆ ಮನೆಯಲ್ಲಿ ಅಪ್ಪ ನಗ್ತಿದ್ದಿದ್ದು ಅದೊಂದಕ್ಕೇ. ಅದನ್ನ ಹೇಗೆ ಕೆಡಿಸಲಿ ಹೇಳು? ಆಮೇಲೆ ಅದೇ ನನ್ನ ಹೆಸರಾಯ್ತು, ಅದೇ ನನ್ನ ಕೆಲಸವೂ ಆಯ್ತು.

ನಿನಗೆ ಎರವಲು ಕೊಡೋಕೆ ನನ್ನ ಹತ್ರ ನಿದ್ದೆ ಇರಲೇ ಇಲ್ಲ ಅಕ್ಕ. ಅವತ್ತೂ ಇರಲಿಲ್ಲ. ಅದಕ್ಕೇ ಈ ಸಲ ನಮ್ಮವರದನ್ನ ತೆಗೆದು ಕೊಟ್ಟೆ.

ತುಂಬಾ ದಣಿದಿದೀನಿ. ಹದಿನೆಂಟನೇ ತಾರೀಕು ಬೆಳಗಿನ ಬಸ್ಸಿಗೆ ಹೊರಟು ಬರ್ತೀನಿ. ನಮ್ಮವರೇ ಟಿಕೆಟ್ ಮಾಡಿಸಿ, ಚೀಲಕ್ಕೆ ಎರಡು ಬ್ರೆಡ್ಡೂ ತುರುಕಿದ್ದಾರೆ, ಇನ್ನೂ ಇಷ್ಟು ದಿನ ಇರೋವಾಗಲೇ. ಆ ಡಾಕ್ಟರಮ್ಮನ ಮುಂದೆ ಆ ಮಾತನ್ನ ನನ್ನ ಬಾಯಿಂದಲೇ ಹೇಳೋಕೆ ನೋಡ್ತೀನಿ. ಆಗದಿದ್ರೆ ನೀನು ಪಕ್ಕದಲ್ಲಿರು.

ನಿನ್ನ ತಂ‌ಗಿ


ಮೇ ೧೧

ತಂಗೀ,

ನಿನ್ನ ಕಾಗದವನ್ನ ವಿಚಾರಣೆ ಕಿಟಕಿಯಲ್ಲೇ ಓದಿದೆ. ಬಸ್ಸು ಕೇಳೋಕೆ ಬಂದವರನ್ನೆಲ್ಲ ಸ್ವಲ್ಪ ಇರಿ ಸ್ವಲ್ಪ ಇರಿ ಅಂತ ನಿಲ್ಲಿಸಿಕೊಂಡೆ. ಸಾಲು ಬಾಗಿಲ ತನಕ ಹೋಯ್ತು.

ನನ್ನ ಅಂಗೈಯನ್ನ ತಿರುತಿರುಗಿಸಿ ನೋಡಿಕೊಂಡೆ. ಅಷ್ಟು ವರ್ಷ ನಿನ್ನ ಬೆನ್ನ ಮೇಲೆ ಇದ್ದ ಕೈ ಇದು, ಇದಕ್ಕೆ ಏನೂ ತಿಳೀಲಿಲ್ಲವಲ್ಲೇ. ಒಂದು ಗೇಣು ದೂರದಲ್ಲಿ ಇಬ್ಬರೂ ಎದ್ದಿದ್ವಿ. ಒಬ್ಬಳಾದ್ರೂ ಬಾಯಿ ಬಿಟ್ಟಿದ್ರೆ ಪಿಸುಮಾತಲ್ಲಿ ಎಷ್ಟು ಹರಟೆ ಹೊಡೀಬಹುದಿತ್ತು.

ಹದಿನೆಂಟಕ್ಕೆ ಒಂದೇ ಒಂದು ಸಲ ಮೈಕ್ ಕೊಡಿ ಅಂತ ಕಂಟ್ರೋಲರನ್ನ ಕೇಳಿದೀನಿ, ನೋಡೋಣ ಅಂದಿದ್ದಾರೆ. ನಿನ್ನ ಬಸ್ಸಿನದನ್ನ ನಾನೇ ಹೇಳ್ತೀನಿ. ಬರ್ತಿದೆ ಅಂತ ಹೇಳೋದಿಲ್ಲ. ಬಂದು ನಿಂತು, ನೀನು ಇಳಿದು, ನಿನ್ನ ಮುಖ ಗಾಜಿನಲ್ಲಿ ಕಂಡ ಮೇಲೆ ಬಂದಿದೆ ಅಂತ ಹೇಳ್ತೀನಿ.

ಸರದಿ ಉದ್ದ ಇದೆ, ಅದು ಕಮ್ಮಿಯಾಗಿಲ್ಲ. ನನ್ನ ಹೆಸರಿನ ಕೆಳಗೆ ಇನ್ನೂ ಬಹಳ ಹೆಸರು ಸೇರಿಬಿಟ್ಟಿವೆ, ನಿನ್ನದು ನನ್ನದಕ್ಕಿಂತ ತಡವಾಗಿ ಬರುತ್ತೆ. ನನ್ನ ಸರದಿ ಬಂದಾಗ ಅವರು ಹೇಳಿಕೊಟ್ಟಿದ್ದನ್ನೆಲ್ಲ ನಿನಗೆ ಬರೆದು ಕಳಿಸ್ತೀನಿ. ಕಾಯೋ ಶಕ್ತಿ ಇಲ್ಲ ಅಂತ ಜನವರಿಯಲ್ಲಿ ಬರೆದಿದ್ದೆ. ಆವಾಗ ಒಬ್ಬಳೇ ಅಂದುಕೊಂಡಿದ್ದೆ.

ನನ್ನ ಕೋಣೆಯಲ್ಲಿ ಮಂಚ ಒಂದೇ ಇದೆ. ಗೋಡೆ ಕಡೆ ನಿನಗೆ. ನಿದ್ದೆ ಬಂದವಳ ಹಾಗೆ ಬಿದ್ಕೊಂಡೆಯೋ, ಚಿವುಟ್ತೀನಿ.

ನಿನ್ನ ಅಕ್ಕ